ಆಕೃತಿ ಬಿಗಿಯಾಗುವುದು ಮತ್ತು ಮೆಂಜೆಲ್‌ನ ಪೆನ್ಸಿಲ್ ಹಾಳೆಗಳು

ಬಸ್ ನಿಲ್ದಾಣದಲ್ಲಿ ಕುಳಿತು ಜನರ ಸ್ಕೆಚ್ ಮಾಡಿದರೆ ಅವರು ಗೊಂಬೆಗಳ ಹಾಗೆ ಬಿಗಿದುಕೊಳ್ಳುತ್ತಾರೆ, ಏನು ಮಾಡಲಿ ಎಂದು ಒಂದು ಚಿತ್ರ ಕಳಿಸಿ ಕೇಳಿದ್ದೀರಿ. ಜರ್ಮನಿಯ ಚಿತ್ರಗಾರ ಅಡಾಲ್ಫ್ ಮೆಂಜೆಲ್ ಒಂದೇ ಹಾಳೆಯಲ್ಲಿ ಒಬ್ಬನೇ ಕೆಲಸಗಾರನ ಕೈಯನ್ನು ಮತ್ತೆ ಮತ್ತೆ ಬರೆದದ್ದೇಕೆ ಎಂಬುದೂ ನಿಮ್ಮ ಪ್ರಶ್ನೆ. ಎರಡನೆಯದರಿಂದಲೇ ಶುರುಮಾಡುತ್ತೇನೆ, ಮೊದಲನೆಯದರ ಮದ್ದು ಅದರಲ್ಲಿಯೇ ಇದೆ.

ಬರ್ಲಿನ್ನಿನ ಮೆಂಜೆಲ್ (1815–1905) ಕಬ್ಬಿಣದ ರೋಲಿಂಗ್ ಮಿಲ್ಲಿನ (ಕಾದ ಕಬ್ಬಿಣವನ್ನು ಉರುಳೆಗಳ ನಡುವೆ ಒತ್ತುವ ಕಾರ್ಖಾನೆಯ) ದೊಡ್ಡ ತೈಲಚಿತ್ರವನ್ನು 1872ರಿಂದ 1875ರ ನಡುವೆ ಬರೆದ. ಅದಕ್ಕಾಗಿ ಆಗ ಜರ್ಮನಿಗೆ ಸೇರಿದ್ದ ಸೈಲೀಸಿಯಾದ ಕೋನಿಗ್ಸ್‌ಹ್ಯೂಟೆಯ ಕಾರ್ಖಾನೆಗೆ ಹೋದ. ನೂರಕ್ಕೂ ಹೆಚ್ಚು ಅಭ್ಯಾಸಚಿತ್ರಗಳನ್ನು ಮಾಡಿದ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಎಳೆಯುವವನು ಚಿತ್ರಗಾರನಿಗಾಗಿ ನಿಲ್ಲುತ್ತಾನೆಯೇ? ಮುಂಗೈ ತಿರುಗಿತೆಂದರೆ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಮುಂಗೈ. ಅಳಿಸುತ್ತಾ ಕುಳಿತರೆ ಆ ಭಂಗಿ ಕೈತಪ್ಪಿ ಹೋಗುತ್ತದೆ. ನೀವೂ ರಬ್ಬರನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.

ಈಗ ನಿಮ್ಮ ಚಿತ್ರ. ಚೀಲ ಹಿಡಿದ ಹಿರಿಯರ ಅಂಗಿಯ ಕಾಲರ್, ಕನ್ನಡಕ ಎಲ್ಲವೂ ಅಚ್ಚುಕಟ್ಟಾಗಿವೆ, ಆದರೆ ಚೀಲಕ್ಕೆ ತೂಕವೇ ಇಲ್ಲ. ಭಾರ ಬಲಗೈಯಲ್ಲಿದ್ದರೆ ಮುಂಡ ಎಡಕ್ಕೆ ವಾಲಲೇಬೇಕು, ಎಡಗೈ ಮೈಯಿಂದ ಸ್ವಲ್ಪ ದೂರ ಸರಿಯಬೇಕು. ನೀವು ಭುಜಗಳನ್ನು ಸಮತಟ್ಟಾಗಿ ಎಳೆದು, ಎರಡೂ ಕಾಲುಗಳಿಗೆ ಮೈಭಾರವನ್ನು ಸಮಪಾಲು ಹಂಚಿದ್ದೀರಿ. ಬಿಗಿತನ ಬಂದದ್ದು ಅಲ್ಲಿಂದ.

ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮೈಭಾರ ಯಾವ ಕಾಲಿನ ಮೇಲಿದೆ ಎಂದು ನೋಡಿ. ಒಂಟಿ ಕಾಲಿಗೆ ಭಾರ ಬಿಟ್ಟು ನಿಂತವರಲ್ಲಿ ಕತ್ತಿನ ಗುಳಿಯಿಂದ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಇಳಿಬಿಟ್ಟಂತೆ ಊಹಿಸಿಕೊಂಡರೆ ದಾರ ಆ ಕಾಲಿನ ಹರಡಿನ ಹತ್ತಿರ ಬರುತ್ತದೆ. ಆ ಬದಿಯ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಈ ಮೂರು ಗೆರೆ ಬಿದ್ದ ಮೇಲೆ ಅವರು ಬಸ್ ಹತ್ತಿಹೋದರೂ ಚಿಂತೆಯಿಲ್ಲ, ಉಳಿದದ್ದನ್ನು ನೆನಪಿನಿಂದ ತುಂಬಬಹುದು.

ಪೆನ್ಸಿಲ್ ಬಗ್ಗೆ: ಮೆಂಜೆಲ್‌ಗೆ ಪ್ರಿಯವಾದದ್ದು ಬಡಗಿಗಳ ಚಪ್ಪಟೆ ಪೆನ್ಸಿಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಚಾಕುವಿನಿಂದ ಹೆರೆದುಕೊಳ್ಳಿ. ಅಂಚಿನಲ್ಲಿ ತೆಳುಗೆರೆ, ಅಗಲದಲ್ಲಿ ಒಂದೇ ಎಳೆತಕ್ಕೆ ತೊಡೆಯ ನೆರಳು. ಸುರುಳಿ ಸುತ್ತಿದ ಕಾಗದದ ತುದಿಯಿಂದ ಆ ನೆರಳನ್ನು ಉಜ್ಜಿ ಹರಡಬಹುದು, ಅವನೂ ಹೀಗೆ ಉಜ್ಜುತ್ತಿದ್ದ. ಪುಸ್ತಕ ಚಿಕ್ಕದಿರಲಿ. ಅವನ ಮೇಲಂಗಿಗೆ ಎಂಟು ಜೇಬುಗಳಿದ್ದವು, ಅವುಗಳಲ್ಲಿ ಸ್ಕೆಚ್ ಪುಸ್ತಕಗಳು ಇರುತ್ತಿದ್ದವು.

ಮುಂದಿನ ಸಲ ಇಡೀ ಹಾಳೆಯ ಫೋಟೊ ಹಾಕಿ, ಅಂಚನ್ನು ಕತ್ತರಿಸಬೇಡಿ. ತಪ್ಪಿದ ಗೆರೆಗಳು ಕಂಡರೆ ಎಲ್ಲಿ ತಿದ್ದಬೇಕೆಂದು ಸರಿಯಾಗಿ ಹೇಳಬಲ್ಲೆ.