ಕಾನೂನು ಸಲಹೆ: ಜಪ್ತಿಯಾದ ಆಟೋ, ನೋಟಿಸು ಬಂದ ಮನೆ

ಪ್ರಶ್ನೆ: ಗಂಡ ತೀರಿಕೊಂಡ ಮೇಲೆ ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿ ನನ್ನ ಹೆಸರಿನಲ್ಲಿ ಒಂದು ಆಟೋ ರಿಕ್ಷಾ ಕೊಂಡಿದ್ದೆ. ಕಿರಿಯ ಮಗ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಐದು ತಿಂಗಳ ಹಿಂದೆ ಪೆರ್ಲ ರಸ್ತೆಯಲ್ಲಿ ತಪಾಸಣೆ ನಡೆದಾಗ ಪ್ರಯಾಣಿಕನ ಚೀಲದಲ್ಲಿ ಎರಡು ಕಿಲೋದಷ್ಟು ಗಾಂಜಾ ಸಿಕ್ಕಿತು. ಅವನನ್ನು ಬಂಧಿಸಿದರು, ನನ್ನ ಮಗನಿಂದ ಹೇಳಿಕೆ ಪಡೆದು ಕಳುಹಿಸಿದರು, ಆಟೋವನ್ನು ಮಾತ್ರ ಕೊಂಡೊಯ್ದರು. ಕೇಸು ಮುಗಿಯದೆ ಗಾಡಿ ಸಿಗದು ಎಂದು ಕಚೇರಿಯಲ್ಲಿ ಹೇಳುತ್ತಾರೆ. ಸಾಲದ ಕಂತು ಕಟ್ಟುತ್ತಲೇ ಇದ್ದೇನೆ. ಆಟೋ ಸರಕಾರದ ಪಾಲಾಯಿತೇ?
– ಓದುಗರು, ಬದಿಯಡ್ಕ

ಉತ್ತರ: ಇಲ್ಲ. ಈಗ ಆಗಿರುವುದು ಜಪ್ತಿ ಮಾತ್ರ. ಒಡೆತನ ಇಂದಿಗೂ ನಿಮ್ಮದೇ. ಒಡೆತನವೇ ಸರಕಾರಕ್ಕೆ ಹೋಗುವುದನ್ನು ಮುಟ್ಟುಗೋಲು ಎನ್ನುತ್ತಾರೆ, ಮತ್ತು 1985ರ ಮಾದಕ ದ್ರವ್ಯ ಕಾಯಿದೆಯ 63ನೆಯ ಕಲಮಿನ ಪ್ರಕಾರ ಅದನ್ನು ಆದೇಶಿಸಬೇಕಾದದ್ದು ನ್ಯಾಯಾಲಯ. ಜಪ್ತಿಯಾಗಿ ಒಂದು ತಿಂಗಳು ಕಳೆಯುವ ಮೊದಲು ಮತ್ತು ಹಕ್ಕು ಕೇಳುವವರ ಮಾತನ್ನು ಆಲಿಸದೆ ನ್ಯಾಯಾಲಯವೂ ಹಾಗೆ ಆದೇಶಿಸುವಂತಿಲ್ಲ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಆರೋಪಿಗೆ ಶಿಕ್ಷೆಯಾದರೂ ಬಿಡುಗಡೆಯಾದರೂ ವಾಹನದ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ತೀರ್ಮಾನಿಸಲಾಗುತ್ತದೆ. ಆದುದರಿಂದ ಪ್ರಯಾಣಿಕನ ಕೇಸು ಬಿದ್ದುಹೋದರೆ ಆಟೋ ತಾನಾಗಿ ಮನೆಗೆ ಬರುತ್ತದೆ ಎಂದು ಕಾದು ಕೂರಬೇಡಿ.

60ನೆಯ ಕಲಮು ರುಜುವಾತಿನ ಹೊರೆಯನ್ನು ಒಡೆಯರ ಹೆಗಲಿಗೆ ಹಾಕಿದೆ. ಮಾದಕ ವಸ್ತು ಸಾಗಿಸಿದ್ದು ನಿಮಗೂ ನಿಮ್ಮ ಪರವಾಗಿ ವ್ಯವಹರಿಸುವವರಿಗೂ ಗಾಡಿ ನಡೆಸುತ್ತಿದ್ದವನಿಗೂ ತಿಳಿದಿರಲಿಲ್ಲ, ಇದರಲ್ಲಿ ಯಾರ ಒಳಸಹಕಾರವೂ ಇರಲಿಲ್ಲ, ಎಲ್ಲರೂ ತಕ್ಕ ಎಚ್ಚರ ವಹಿಸಿದ್ದರು ಎಂದು ನೀವೇ ತೋರಿಸಬೇಕು. ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವ ಬಾಡಿಗೆ ಆಟೋದ ಚಾಲಕ ಪ್ರತಿಯೊಬ್ಬರ ಚೀಲವನ್ನು ಬಿಚ್ಚಿ ನೋಡಬೇಕೆಂದು ನಿರೀಕ್ಷಿಸುವುದು ತಕ್ಕ ಎಚ್ಚರವಾಗಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ನಿಮ್ಮ ವಕೀಲರು ಇದನ್ನೇ ಒತ್ತಿ ಹೇಳಬೇಕು.

ಕೇಸು ಮುಗಿಯುವವರೆಗೆ ಗಾಡಿ ಸಿಗದು ಎಂದು ನಿಮಗೆ ಹೇಳಿದ್ದು ಸರಿಯಲ್ಲ. ಲಾರಿಯಲ್ಲಿದ್ದ ಪ್ರಯಾಣಿಕನ ಬಳಿ ಹೆರಾಯಿನ್ ಸಿಕ್ಕಿದ ಅಸ್ಸಾಮಿನ ಒಂದು ಪ್ರಕರಣದಲ್ಲಿ, ಮಧ್ಯಂತರವಾಗಿ ವಾಹನ ಬಿಟ್ಟುಕೊಡುವುದಕ್ಕೆ ಈ ಕಾಯಿದೆಯಲ್ಲಿ ನಿಷೇಧವಿಲ್ಲವೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಒಡೆಯನೋ ಅವನ ಚಾಲಕನೋ ಆರೋಪಿಯಾಗಿದ್ದರೆ ದಾರಿ ಕಠಿಣ. ಮೂರನೆಯ ವ್ಯಕ್ತಿಯ ಬಳಿ ವಸ್ತು ಸಿಕ್ಕಿ, ಒಡೆಯನ ಮೇಲೆ ಆರೋಪವೇ ಇಲ್ಲದಿದ್ದರೆ, ಕರೆದಾಗ ವಾಹನ ಹಾಜರುಪಡಿಸುವ ಮುಚ್ಚಳಿಕೆ ಪಡೆದು ಸಾಮಾನ್ಯವಾಗಿ ಬಿಟ್ಟುಕೊಡಬೇಕು ಎಂಬುದು ಆ ತೀರ್ಪಿನ ಸಾರ. ಜಪ್ತಿಯಾದ ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಅದೇ ನ್ಯಾಯಾಲಯ 2002ರಲ್ಲಿಯೇ ಹೇಳಿತ್ತು. ನಮ್ಮ ಊರಿನ ಒಂದು ಮಳೆಗಾಲವನ್ನು ತೆರೆದ ಜಾಗದಲ್ಲಿ ಕಳೆದ ಆಟೋ ಯಾವ ಗತಿಗೆ ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದುದರಿಂದ ತಡಮಾಡದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿ.ಆರ್.ಪಿ.ಸಿ.ಯ ಬದಲಿಗೆ ಬಂದ ಕಾಯಿದೆ) 497 ಮತ್ತು 503ನೆಯ ಕಲಮುಗಳನ್ವಯ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ. ಆರ್.ಸಿ., ಪರ್ಮಿಟ್, ವಿಮೆಗಳ ಜತೆಗೆ ಬ್ಯಾಂಕಿನ ಸಾಲಪತ್ರವನ್ನೂ ಕಂತಿನ ರಶೀದಿಗಳನ್ನೂ ಇಡಿ. ಗಾಡಿಯನ್ನು ಯಾವ ಹಣದಿಂದ ಕೊಂಡಿರಿ ಎಂಬುದನ್ನು ಅವು ನಿಮಗಿಂತ ಚೆನ್ನಾಗಿ ಹೇಳುತ್ತವೆ. ಮುಂದೆ ಆರೋಪಪಟ್ಟಿಯಲ್ಲಿ ಮಗನ ಹೆಸರು ಸೇರಿದರೆ ಪರಿಸ್ಥಿತಿ ಬದಲಾಗುತ್ತದೆ, ಅದಕ್ಕೂ ಈ ಅವಸರ. ಮಲಯಾಳದಲ್ಲಿರುವ ಕಾಗದಕ್ಕೆ ಅರ್ಥ ತಿಳಿಯದೆ ಸಹಿ ಹಾಕಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ನಮ್ಮ ಕಾಸರಗೋಡಿನಲ್ಲಿ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ನಾವು ಕೇಳದೆ ಬಿಟ್ಟು ಬಿಟ್ಟೇ ಆ ಹಕ್ಕು ಸೊರಗಿದೆ.

ಪ್ರಶ್ನೆ: ಹಿರಿಯ ಮಗನನ್ನು ವಾಣಿಜ್ಯ ಪ್ರಮಾಣದ (ಕಾಯಿದೆ ಅತಿ ಕಠಿಣ ಶಿಕ್ಷೆಗೆ ಗೊತ್ತುಮಾಡಿದಷ್ಟು) ಎಂ.ಡಿ.ಎಂ.ಎ. ಎಂಬ ಮಾದಕ ವಸ್ತು ಇಟ್ಟುಕೊಂಡ ಆರೋಪದಲ್ಲಿ ಬಂಧಿಸಿದ್ದಾರೆ. ಈಗ ನನ್ನ ಹೆಸರಿನಲ್ಲಿರುವ ಅಡಕೆ ತೋಟವನ್ನೂ ಮನೆಯನ್ನೂ ಮಾರಬಾರದೆಂಬ ಆದೇಶ ಬಂದಿದೆ. ತೋಟ 1987ರಲ್ಲಿ ಕುಟುಂಬದ ಪಾಲಿನಲ್ಲಿ ಬಂದದ್ದು. ಮನೆ ಕಟ್ಟಿ ಮೂರು ವರ್ಷವಾಯಿತು. ಅದಕ್ಕೆ ಮಗನೂ ಸ್ವಲ್ಪ ಹಣ ಕೊಟ್ಟಿದ್ದಾನೆ. ಮಗ ತಪ್ಪು ಮಾಡಿದ್ದರೆ ತಂದೆಯ ಆಸ್ತಿ ಹೋಗುತ್ತದೆಯೇ?
– ಓದುಗರು, ಮಂಜೇಶ್ವರ ತಾಲೂಕು

ಉತ್ತರ: ಮಗನ ತಪ್ಪಿಗೆ ತಂದೆಯ ಸ್ವಂತ ಆಸ್ತಿ ಹೋಗುವುದಿಲ್ಲ. ತಂದೆಯ ಹೆಸರಿನಲ್ಲಿ ಕೂತಿರುವ ಮಗನ ಪಾಪದ ಹಣ ಹೋಗುತ್ತದೆ. ಕಾಯಿದೆಗೆ 1989ರಲ್ಲಿ ಸೇರಿಸಿದ ಐದು-ಎ ಅಧ್ಯಾಯ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧಿತರಾದವರನ್ನು ಮಾತ್ರವಲ್ಲ, ಅವರ ಬಂಧುಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಕಳ್ಳಸಾಗಣೆದಾರರ ಆಸ್ತಿಯ ಬಗೆಗಿನ ಇಂಥದೇ ಕಾಯಿದೆಯನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರಲ್ಲಿ, ಬಂಧುಗಳ ಹೆಸರಿನಲ್ಲಿ ಅಡಗಿಸಿಟ್ಟ ಆಸ್ತಿಯನ್ನು ಹಿಡಿಯುವುದೇ ಉದ್ದೇಶ, ಅವರ ಸ್ವತಂತ್ರ ಆಸ್ತಿಯನ್ನು ಕಸಿಯುವುದಲ್ಲ ಎಂದು ವಿವರಿಸಿತು. ಮಾದಕ ದ್ರವ್ಯ ಕಾಯಿದೆಯ ಈ ಅಧ್ಯಾಯದ ಕುರಿತೇ ಬಂದ 2008ರ ತೀರ್ಪೊಂದರಲ್ಲಿ, ಆಸ್ತಿಗೂ ಅಕ್ರಮ ಹಣಕ್ಕೂ ನಂಟಿದೆಯೆಂದು ನಂಬುವ ಕಾರಣಗಳು ದಾಖಲಾಗಿರಬೇಕು ಎಂದೂ ನ್ಯಾಯಾಲಯ ಹೇಳಿತು. ನಿಮಗೆ ಬಂದ ಕಾಗದದಲ್ಲಿ ಅಂಥ ಕಾರಣಗಳಿವೆಯೇ ಎಂದು ಮೊದಲು ನೋಡಿಸಿ.

ತೋಟದ ಬಗ್ಗೆ ನನಗೆ ಚಿಂತೆಯಿಲ್ಲ. 1987ರ ಪಾಲುಪಟ್ಟಿ, ಅಂದಿನಿಂದ ವಿಲ್ಲೇಜ್ ಆಫೀಸಿನಲ್ಲಿ ಕಟ್ಟಿದ ತೀರುವೆಯ (ಭೂಕಂದಾಯದ) ರಶೀದಿಗಳು ಸಾಕು. ಮನೆಯ ವಿಷಯದಲ್ಲಿ ನೀವು ಮಗನ ಹಣದ ಮಾತನ್ನು ಮುಚ್ಚಿಡದೆ ಬರೆದಿದ್ದೀರಿ. ಅಧಿಕಾರಿಯ ಮುಂದೆಯೂ ಮುಚ್ಚಿಡಬೇಡಿ. ಅಡಕೆ ಮಾರಿದ ಚೀಟಿಗಳು, ಬ್ಯಾಂಕ್ ಪಾಸ್ ಪುಸ್ತಕ, ಮನೆ ಸಾಲದ ಕಾಗದಗಳಿಂದ ನಿಮ್ಮ ಹಣ ಎಷ್ಟೆಂದು ಲೆಕ್ಕ ಒಪ್ಪಿಸಿ. ಒಂದು ಭಾಗದ ಮೂಲವನ್ನು ಮಾತ್ರ ತೋರಿಸಲಾಗದೆ ಹೋದರೆ, ಆ ಭಾಗದ ಮಾರುಕಟ್ಟೆ ಬೆಲೆಯಷ್ಟು ದಂಡ ಕಟ್ಟಿ ಮನೆ ಉಳಿಸಿಕೊಳ್ಳುವ ಅವಕಾಶವನ್ನು 68-ಕೆ ಕಲಮು ಕೊಡುತ್ತದೆ. ಇದನ್ನು ತಿಳಿಯದೆ ಇಡೀ ಮನೆಯೇ ಹೋಯಿತೆಂದು ಕೈಚೆಲ್ಲಿ ಕುಳಿತವರನ್ನು ಕಂಡು ನೊಂದಿದ್ದೇನೆ.

ದಿನಗಳನ್ನು ಎಣಿಸುತ್ತಿರಿ. ಪೊಲೀಸರು ಹೊರಡಿಸಿದ ತಡೆ ಆದೇಶವನ್ನು ಸಕ್ಷಮ ಅಧಿಕಾರಿ (ಆಸ್ತಿ ಮುಟ್ಟುಗೋಲಿನ ಅಧಿಕಾರವುಳ್ಳವರು) 30 ದಿನಗಳೊಳಗೆ ಸ್ಥಿರೀಕರಿಸದಿದ್ದರೆ ಅದಕ್ಕೆ ಬಲವಿಲ್ಲ. ಬಳಿಕ ಮುಟ್ಟುಗೋಲಿನ ನೋಟಿಸು ಬಂದರೆ ಉತ್ತರಿಸಲು 30 ದಿನ, ಆದೇಶವೇ ಆಗಿಬಿಟ್ಟರೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು 45 ದಿನ. ಮಗ ಖುಲಾಸೆಯಾಗಿ ಆ ತೀರ್ಪು ಅಂತಿಮವಾದರೆ ಈ ಆಸ್ತಿಗಳು ಬಿಡುಗಡೆಯಾಗುತ್ತವೆ; ವಾಹನದ ಕಾನೂನಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು.

ಪ್ರಶ್ನೆ: ಕುಂಬಳೆ ಸಮೀಪ ಹತ್ತು ಸೆಂಟ್ಸ್ ಜಾಗಕ್ಕೆ ಮುಂಗಡ ಕೊಟ್ಟ ಮೇಲೆ, ಮಾರುವವರ ತಮ್ಮ ಇಂಥದೇ ಕೇಸಿನಲ್ಲಿದ್ದಾನೆಂದು ತಿಳಿಯಿತು. ಮುಂದುವರಿಯಬಹುದೇ?
– ಓದುಗರು, ಕುಂಬಳೆ

ಉತ್ತರ: ತಡೆ ಆದೇಶವೋ ನೋಟಿಸೋ ಈಗಾಗಲೇ ಇದ್ದರೆ ಬೇಡ, ಅದರ ನಂತರದ ಮಾರಾಟಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಆಸ್ತಿ ಮುಟ್ಟುಗೋಲಾದರೆ ನಿಮ್ಮ ಹಣವೂ ಅದರೊಡನೆ ಮುಳುಗುತ್ತದೆ. ಮಾರುವವರಿಗೆ ಜಾಗ ಎಲ್ಲಿಂದ ಬಂತೆಂದು ಹಿಂದಿನ ಆಧಾರಗಳನ್ನೆಲ್ಲ (ನೋಂದಾಯಿತ ಪತ್ರಗಳನ್ನೆಲ್ಲ) ತರಿಸಿ ನೋಡಿ. ಸದ್ಭಾವನೆಯಿಂದ, ತಕ್ಕ ಬೆಲೆ ಕೊಟ್ಟು ಕೊಂಡವರಿಗೆ ಕಾಯಿದೆ ರಕ್ಷಣೆ ಕೊಟ್ಟಿದೆ. ಆದರೆ ನೋಂದಣಿ ಖರ್ಚು ಉಳಿಸಲೆಂದು ಆಧಾರದಲ್ಲಿ ಅರ್ಧ ಬೆಲೆ ಬರೆಸಿದವರು ತಕ್ಕ ಬೆಲೆ ಕೊಟ್ಟೆವೆಂದು ನಾಳೆ ತೋರಿಸಲಾರರು. ಕೊಡುವ ಪೂರ್ತಿ ಮೊತ್ತವನ್ನೇ ಬರೆಸಿ, ಬ್ಯಾಂಕಿನ ಮೂಲಕವೇ ಪಾವತಿ ಮಾಡಿ.