ಕುಂಡದ ಟೊಮೆಟೊಗೆ ಹುಳು ಬಿದ್ದಿದೆ, ವಿಷ ಹೊಡೆಯದೆ ಏನು ಮಾಡಬಹುದು?

ತಾರಸಿಯ ಕುಂಡದಲ್ಲಿ ಟೊಮೆಟೊ ಬೆಳೆಸಿದ್ದೀರಿ, ಎಲೆ ಹಾಳಾಗುತ್ತಿದೆ, ಕಾಯಿಗೂ ತೂತು ಬಿದ್ದಿದೆ, ಮಕ್ಕಳು ತಿನ್ನುವ ಹಣ್ಣಿಗೆ ವಿಷ ಹೊಡೆಯಲು ಮನಸ್ಸಿಲ್ಲ ಅಂತ ಕೇಳಿದ್ದೀರಿ. ಹೊಡೆಯಲೇಬೇಡಿ. ನಾನೂ ಬೆಂಗಳೂರಿನಲ್ಲಿ ತಾರಸಿ ಮೇಲೇ ಬೆಳೆಯುತ್ತೇನೆ, ವಿಷ ಇಲ್ಲದೆ ಖಂಡಿತ ನಿಭಾಯಿಸಬಹುದು. ಆದರೆ ಯಾವ ಹುಳು ಅಂತ ಮೊದಲು ನೋಡಿಕೊಳ್ಳಿ.

ಕಾಯಿಯಲ್ಲಿ ದುಂಡನೆಯ ತೂತು, ಹುಳುವಿನ ತಲೆ ಒಳಗೆ, ಮೈ ಅರ್ಧ ಹೊರಗೆ ಇದ್ದರೆ ಅದು ಕಾಯಿಕೊರಕ. ತೊಗರಿ, ಕಡಲೆ ಬೆಳೆಗಾರರನ್ನು ಗೋಳಾಡಿಸುವುದೂ ಇದೇ. ಪತಂಗ ಎಳೆ ಎಲೆ, ಹೂವಿನ ಹತ್ತಿರ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳು ಒಂದು ಕಾಯಿಯನ್ನು ಪೂರ್ತಿ ತಿನ್ನದೆ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೇ ಹುಳು ಕಡಿಮೆ, ನಷ್ಟ ಜಾಸ್ತಿ.

ಎಲೆ ಜರಡಿಯಂತಾಗಿದ್ದರೆ ತಂಬಾಕಿನ ಹುಳು ಇರಬಹುದು. ಅದರ ಪತಂಗ ಎಲೆಯ ಅಡಿಯಲ್ಲಿ ಗುಂಪಾಗಿ ಮೊಟ್ಟೆ ಇಟ್ಟು, ಮೇಲೆ ಕಂದು ರೋಮ ಮುಚ್ಚುತ್ತದೆ. ಆ ಎಲೆ ಕಿತ್ತುಬಿಟ್ಟರೆ ನೂರಾರು ಮರಿಗಳು ಒಟ್ಟಿಗೇ ಹೋಗುತ್ತವೆ. ಬೆಳೆದ ಹುಳು ಹಗಲು ಕುಂಡದ ಮಣ್ಣಿನಲ್ಲಿ, ಒಣ ಎಲೆಯ ಅಡಿಯಲ್ಲಿ ಅಡಗಿರುತ್ತದೆ. ಹಗಲಲ್ಲಿ ಹುಡುಕಿದರೆ ಸಿಗುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ನಾಲ್ಕಾರು ಕುಂಡ ಇರುವವರಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಎಲೆಯೊಳಗೆ ಒಣಗಿದ ಮಚ್ಚೆ, ಕಾಯಿಯ ತೊಟ್ಟಿನ ಬಳಿ ಸೂಜಿ ಚುಚ್ಚಿದಷ್ಟೇ ತೂತು ಕಂಡರೆ ಅದು ಟೂಟಾ. ದಕ್ಷಿಣ ಅಮೆರಿಕದ ಹುಳು, 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡಿತು. ಎಲೆಯ ಒಳಗೇ ಇರುವುದರಿಂದ ಆರಿಸಲು ಆಗುವುದಿಲ್ಲ, ಆ ಎಲೆಗಳನ್ನೇ ಕಿತ್ತು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಸಿಂಪಡಣೆ ಬೇಕೆಂದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪು. ಸಂಜೆಯೇ ಹೊಡೆಯಿರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆ ಸಾಕು. ಹುಳು ಜಾಸ್ತಿಯಿದ್ದರೆ ಬಿಟಿ ಪುಡಿ ತನ್ನಿ. ಇದು ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾ. ಎಲೆಯ ಜೊತೆ ತಿಂದ ಹುಳು ಬೇಗ ತಿನ್ನುವುದನ್ನು ನಿಲ್ಲಿಸುತ್ತದೆ, ಒಂದೆರಡು ದಿನ ಬಿಟ್ಟು ಸಾಯುತ್ತದೆ. ಪೊಟ್ಟಣದ ಮೇಲಿನ ಅಳತೆಯಂತೆ ಕಲಸಿ, ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ. ಹುಳು ಚಿಕ್ಕದಿದ್ದಾಗಲೇ ಇದು ಚೆನ್ನಾಗಿ ನಾಟುವುದು. ಕಾಯಿಯೊಳಗೆ ಹೊಕ್ಕ ಹುಳುವಿಗೆ ಯಾವ ಸಿಂಪಡಣೆಯೂ ತಾಗುವುದಿಲ್ಲ, ತೂತು ಬಿದ್ದ ಕಾಯಿ ಕಿತ್ತು ಹಾಕಲೇಬೇಕು. ಒಂದು ಮಾತು: ಅಕ್ಕಪಕ್ಕದಲ್ಲಿ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಬಿಟಿ ಬೇಡವೇ ಬೇಡ. ರೇಷ್ಮೆಹುಳುವನ್ನೂ ಅದು ಕೊಲ್ಲುತ್ತದೆ, ಪಾಪ ಅವರ ಇಡೀ ಬೆಳೆ ಹೋದೀತು.

ಮುಂದಿನ ಸಲ ಜೊತೆಗೆ ಚೆಂಡು ಹೂವು ನೆಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಹೇಳುವುದು 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ಕಾಯಿಕೊರಕದ ಪತಂಗ ಅದರ ಮೊಗ್ಗಿಗೆ ಮರುಳಾಗಿ ಅಲ್ಲೇ ಮೊಟ್ಟೆ ಇಡುತ್ತದೆ. ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು, ಅದಕ್ಕೇ 45 ದಿನದ ಚೆಂಡು ಸಸಿಯನ್ನು 25 ದಿನದ ಟೊಮೆಟೊ ಸಸಿಯ ಜೊತೆ ನೆಡುವುದು. ತಾರಸಿಗೆ ಎರಡು ಮೂರು ಕುಂಡ ಸಾಕು. ಆದರೆ ಅದರಲ್ಲಿ ಹುಟ್ಟಿದ ಹುಳುವನ್ನೂ ಆರಿಸಬೇಕು, ಇಲ್ಲದಿದ್ದರೆ ನಾವೇ ಸಾಕಿದಂತಾಗುತ್ತದೆ ಅಲ್ವಾ?

ಬೆಳೆ ಮುಗಿದ ಮೇಲೆ ಕುಂಡದ ಮಣ್ಣು ಹೊರಗೆ ಸುರಿದು ಚೆನ್ನಾಗಿ ಒಣಗಿಸಿ. ಕಾಯಿಕೊರಕ ಕೋಶವಾಗುವುದು ಮಣ್ಣಿನಲ್ಲೇ. ಹಾಗೇ ಬಿಟ್ಟರೆ ಅದೇ ಕುಂಡದಿಂದ ಮತ್ತೆ ಪತಂಗ ಎದ್ದು ಬರುತ್ತದೆ.