ಕೇಳಿ, ಹೇಳ್ತೀನಿ: ಲೇಸರ್ ಕಟರ್‌ಗೆ ವಯಸ್ಸಾದಾಗ

ಪ್ರಶ್ನೆ: ಮನೆಯಲ್ಲಿ 40 ವಾಟ್‌ನ ಸಿಒ2 ಲೇಸರ್ ಕಟರ್ ಇದೆ. ತಂದು ನಾಲ್ಕು ವರ್ಷವಾಯಿತು. ಮೊದಲು 3 ಮಿ.ಮೀ. ಪ್ಲೈವುಡ್ ಒಂದೇ ಓಟಕ್ಕೆ ತುಂಡಾಗುತ್ತಿತ್ತು. ಈಗ ಮೂರು ಸಲ ಓಡಿಸಿದರೂ ಅಲ್ಲಲ್ಲಿ ಕಚ್ಚಿಕೊಂಡಿರುತ್ತದೆ. ಪವರ್ 60 ಪರ್ಸೆಂಟ್‌ನಿಂದ 90ಕ್ಕೆ ಏರಿಸಿದ್ದೇನೆ. ಲೇಸರ್ ಹುಟ್ಟಿಸುವ, ಗ್ಯಾಸ್ ತುಂಬಿದ ಗಾಜಿನ ಟ್ಯೂಬ್ ಹೋಯಿತು ಅಂತಲೇ ಲೆಕ್ಕವೇ?

ಉತ್ತರ: ಮೊದಲು ಆ 90ನ್ನು ಇಳಿಸಿ. ಟ್ಯೂಬ್ ಇನ್ನೂ ಹೋಗಿಲ್ಲದಿದ್ದರೆ ಇದರಿಂದಲೇ ಹೋಗುತ್ತದೆ. ಪರ್ಸೆಂಟ್ ಲೆಕ್ಕ ನಂಬಬೇಡಿ, ಟ್ಯೂಬಿನಲ್ಲಿ ಹರಿಯುವ ಕರೆಂಟ್ ತೋರಿಸುವ ಮಿಲಿಆಂಪ್ ಮೀಟರ್ ನೋಡಿ. ನನ್ನ 40 ವಾಟ್ ಟ್ಯೂಬನ್ನು ನಾನು 15 ಮಿಲಿಆಂಪ್ ಮೇಲೆ ಓಡಿಸುವುದಿಲ್ಲ. ಮೀಟರ್ ಇಲ್ಲದಿದ್ದರೆ ತಿಳಿದವರಿಂದ ಹಾಕಿಸಿ. ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಸುಮ್ನೆ ಕೈಹಾಕುವ ಜಾಗವಲ್ಲ.

ನಾನೂ ಒಮ್ಮೆ ನಿಮ್ಮ ಹಾಗೇ ಟ್ಯೂಬ್ ಮೇಲೆ ಗೂಬೆ ಕೂರಿಸಿದ್ದೆ. ಹೊಸದನ್ನು ತರಿಸಿ, ಒಂದು ಭಾನುವಾರ ಪೂರ್ತಿ ಕೂತು ಜೋಡಿಸಿದೆ. ಕಟ್ ಮಾತ್ರ ಅಷ್ಟಕ್ಕಷ್ಟೇ! ಸಂಜೆ ಬೇಸರಕ್ಕೆ, ಕಿರಣವನ್ನು ಒಂದು ಚುಕ್ಕೆಗೆ ಕೂಡಿಸುವ ಲೆನ್ಸ್ ಬಿಚ್ಚಿದರೆ, ಹೊಗೆ ಹಿಡಿದ ಲಾಂದ್ರದ ಗಾಜಿನ ಹಾಗಿತ್ತು. ಮರದ ಹೊಗೆಯಲ್ಲಿ ಅಂಟಿನಂಥ ಪಸೆ ಇರುತ್ತದೆ. ಅದು ಲೆನ್ಸಿಗೆ ಮೆತ್ತಿಕೊಂಡರೆ ಶಾಖವೆಲ್ಲ ಅಲ್ಲೇ ನಿಲ್ಲುತ್ತದೆ. ಪವರ್ ಏರಿಸಿದಷ್ಟೂ ಲೆನ್ಸ್ ಕಾಯುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ, ಒತ್ತದೆ ಒರೆಸಿದೆ. ಮೂರು ಕಡ್ಡಿ ಕಂದು ಬಣ್ಣವಾಯಿತು, ನಾಲ್ಕನೆಯದು ಬೆಳ್ಳಗೆ ಬಂತು. ಮತ್ತೆ ಹಾಕುವಾಗ ಉಬ್ಬಿದ ಮೈ ಮೇಲಕ್ಕೆ. ಪ್ಲೈವುಡ್ ಒಂದೇ ಓಟಕ್ಕೆ ಕಳಚಿ ಬಿತ್ತು.

ಒಂದು ಎಚ್ಚರ: ಈ ಲೆನ್ಸ್ ಸಾಮಾನ್ಯ ಗಾಜಲ್ಲ, ಜಿಂಕ್ ಸೆಲೆನೈಡ್. ಒಡೆದರೆ ಬರಿಗೈಯಲ್ಲಿ ಮುಟ್ಟಬೇಡಿ, ಪುಡಿ ವಿಷ.

ಲೆನ್ಸ್ ಚೆನ್ನಾಗಿದ್ದರೆ, ಟ್ಯೂಬಿನಿಂದ ಲೆನ್ಸಿನವರೆಗೆ ಕಿರಣವನ್ನು ತಿರುಗಿಸುವ ಮೂರೂ ಕನ್ನಡಿಗಳನ್ನು ನೋಡಿ. ಕನ್ನಡಿಯ ಮುಂದೆ ಪೇಪರ್ ಟೇಪ್ ಅಂಟಿಸಿ, ಒಂದೇ ಒಂದು ಸಣ್ಣ ಪಲ್ಸ್ ಬಿಡಿ. ಲೆನ್ಸ್ ಹೊತ್ತು ಓಡಾಡುವ ಯಂತ್ರದ ತಲೆ ಹತ್ತಿರವಿದ್ದಾಗಲೂ ದೂರದ ಮೂಲೆಯಲ್ಲಿದ್ದಾಗಲೂ ಸುಟ್ಟ ಚುಕ್ಕೆ ಒಂದೇ ಕಡೆ ಬೀಳಬೇಕು. ಆಮೇಲೆ ಟ್ಯೂಬನ್ನು ತಂಪಾಗಿಡುವ ನೀರು. ಡಿಸ್ಟಿಲ್ಡ್ ನೀರೇ ಇರಲಿ, 25 ಡಿಗ್ರಿ ದಾಟದಿರಲಿ. ನಲ್ಲಿ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಪಾಚಿಯೂ ಕಟ್ಟುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕಟ್ ಆಗದಿದ್ದರೆ ಟ್ಯೂಬೇ ಅನ್ನಿ. ಅದಕ್ಕೂ ಆಯಸ್ಸಿದೆ, ಓಡಿಸದೆ ಇಟ್ಟರೂ ಕರಗುವ ಆಯಸ್ಸು. ಒಳಗಿನ ಗ್ಯಾಸ್ ತಾನಾಗಿ ಕೆಡುತ್ತಾ ಹೋಗುತ್ತದೆ. ಅವತ್ತು ಸುಮ್ನೆ ಬಿಚ್ಚಿದ ನನ್ನ ಹಳೇ ಟ್ಯೂಬನ್ನು ಜಾಣತನದಿಂದ ಅಟ್ಟದ ಮೇಲಿಟ್ಟಿದ್ದೆ. ಎರಡು ವರ್ಷ ಬಿಟ್ಟು ಹಾಕಿದರೆ ಗುಲಾಬಿ ಬೆಳಕಿನ ಬದಲು ಬಿಳಿಚಿದ ಬೆಳಕು, ಕಾರ್ಡ್‌ಬೋರ್ಡ್ ಕೂಡ ಸರಿಯಾಗಿ ಕೊಯ್ಯಲಿಲ್ಲ. ಸ್ಪೇರ್ ಟ್ಯೂಬ್ ಕೂಡಿಡಬೇಡಿ. ಸ್ಪೇರ್ ಲೆನ್ಸ್ ಇಟ್ಟುಕೊಳ್ಳಿ.

ಪ್ರಶ್ನೆ: ಮಿಕ್ಕಿದ ರೆಕ್ಸಿನ್ ತುಂಡುಗಳಿವೆ. ಚರ್ಮದ ಹಾಗೇ ಕತ್ತರಿಸಬಹುದಲ್ವಾ?

ಉತ್ತರ: ಬೇಡವೇ ಬೇಡ. ರೆಕ್ಸಿನ್ ಮೇಲೆ ಸಾಮಾನ್ಯವಾಗಿ ಪಿವಿಸಿ ಲೇಪ ಇರುತ್ತದೆ. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ತುಕ್ಕು. ಪಿವಿಸಿಯೋ ಅಲ್ಲವೋ ಅಂತ ಅನುಮಾನವಿದ್ದರೆ, ಕಾದ ತಾಮ್ರದ ತಂತಿಗೆ ಆ ಪ್ಲಾಸ್ಟಿಕ್ ಸ್ವಲ್ಪ ತಾಗಿಸಿ, ಕಿಟಕಿ ತೆರೆದು ಜ್ವಾಲೆಗೆ ಹಿಡಿಯಿರಿ. ಹಸಿರು ಉರಿ ಬಂದರೆ ಕ್ಲೋರಿನ್ ಇದೆ ಅಂತ ಅರ್ಥ.

ಪ್ರಶ್ನೆ: ಅರ್ಧ ಗಂಟೆಯ ಕೆಲಸ ಹಾಕಿ ಪಕ್ಕದ ಕೋಣೆಗೆ ಹೋಗಬಹುದೇ?

ಉತ್ತರ: ಇಲ್ಲ. ಅಕ್ರಿಲಿಕ್ ಹೊತ್ತಿಕೊಂಡರೆ ನಿಮ್ಮನ್ನು ಕರೆಯುವುದಿಲ್ಲ. ನನ್ನ ಯಂತ್ರದ ಪಕ್ಕ ಒಂದು ಸ್ಟೂಲ್ ಇದೆ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ. ಫೋನ್ ಬಂದರೆ ಕೆಲಸ ತಡೆದು ನಿಲ್ಲಿಸುವ ಬಟನ್ ಒತ್ತಿಯೇ ಏಳುತ್ತೇನೆ.